ಹಂಸ ಮೇಡಂ ನಾಲ್ಕು ಸುತ್ತು ಹೋದದ್ದು

ಹೊಳೆನರಸೀಪುರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು ಅರುಣ್‌ಕುಮಾರ್‌ಗೂ ಲೆಕ್ಕದ ಹಂಸ ಮೇಡಂಗೂ ಜಗಳವಾಗದ ವಾರ ಇರಲಿಲ್ಲ. ಮಕ್ಕಳು ಖೋ ಖೋ ಆಡಬೇಕು ಅಂತ ಇವನು, ಬೀಜಗಣಿತ ಮಾಡಬೇಕು ಅಂತ ಅವರು. ತಾಲ್ಲೂಕು ಪಂದ್ಯ ಹತ್ತಿರ ಬಂದಾಗ ಇವನು ಅವರ ಪೀರಿಯಡ್ಡು ಕದಿಯುತ್ತಿದ್ದ. ಪರೀಕ್ಷೆ ಹತ್ತಿರ ಬಂದಾಗ ಅವರು ಇವನದನ್ನು ಕಸಿದುಕೊಳ್ಳುತ್ತಿದ್ದರು. ಹೆಡ್‌ಮಾಸ್ಟರ್ ಪಾಪಯ್ಯನವರು ಮೊದಮೊದಲು ಪಂಚಾಯ್ತಿಗೆ ಕೂರುತ್ತಿದ್ದರು. ಆಮೇಲೆ ಇವರಿಬ್ಬರ ದನಿ ಏರಿತೆಂದರೆ ಎದ್ದು ಹೋಗಿ ಗಿಡಗಳಿಗೆ ನೀರು ಹಾಕುವುದನ್ನು ರೂಢಿ ಮಾಡಿಕೊಂಡರು.

ಹೀಗೆ ಜಗಳವಾಡುತ್ತಲೇ ಹನ್ನೊಂದು ವರ್ಷ ಕಳೆದಿತ್ತು. ಆದರೆ ಅರುಣ್‌ಕುಮಾರನ ತಾಯಿ ಚಿಕ್ಕಲಕ್ಷ್ಮಮ್ಮ ಹಿತಕಿದ ಅವರೆಬೇಳೆ ಸಾರು ಮಾಡಿದ ದಿನ ಒಂದು ಡಬ್ಬಿ ಹಂಸ ಮೇಡಂಗೆ ಅಂತಲೇ ಬೇರೆ ಎತ್ತಿಡುತ್ತಿದ್ದರು, ಈರುಳ್ಳಿ ಬೆಳ್ಳುಳ್ಳಿ ಸೋಕಿಸದೆ. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಹಂಸ ಮೇಡಂ ತಂದ ಪುಳಿಯೋಗರೆಯಲ್ಲಿ ಅರ್ಧ ಇವನಿಗೆ ಸೇರಬೇಕಾದದ್ದು ಅನ್ನುವುದೂ ಹಾಗೇ ಆಗಿಹೋಗಿತ್ತು. ಇವನು ಶಾಂತಿಗ್ರಾಮದ ಕಡೆಯ ಒಕ್ಕಲು ಮನೆಯವನು, ಕೆಲಸ ಸಿಕ್ಕ ಮೇಲೆ ತಾಯಿಯನ್ನೂ ಹೆಂಡತಿ ಸಿಂಧುವನ್ನೂ ಕರೆದುಕೊಂಡು ಈ ಊರಿಗೆ ಬಂದು ನೆಲೆಸಿದವನು. ಅವರು ನರಸಿಂಹಸ್ವಾಮಿ ದೇವಸ್ಥಾನದ ಬೀದಿಯವರು, ತಂದೆ ತಿರುನಾರಾಯಣ ಮೇಷ್ಟ್ರ ಜೊತೆ ಇದ್ದರು. ಆ ಮೇಷ್ಟ್ರು ಹಾಸನದಲ್ಲಿ ಕೆಲಸದಲ್ಲಿದ್ದಾಗ ಅರುಣ್‌ಕುಮಾರ್‌ಗೆ ಕನ್ನಡ ಹೇಳಿಕೊಟ್ಟವರು. ಈಗಲೂ ಅವನನ್ನು 'ಏನೋ ಅರುಣ' ಅಂತಲೇ ಕರೆಯುತ್ತಿದ್ದರು. ಹಂಸ ಮೇಡಂಗೆ ಆಗ ಮೂವತ್ತೆಂಟು ವರ್ಷ, ಇವನಿಗಿಂತ ಎರಡು ವರ್ಷ ದೊಡ್ಡವರು. ಮದುವೆ ಆಗಿರಲಿಲ್ಲ. ಆ ವಿಷಯ ಮಾತಾಡಿ ಮಾತಾಡಿ ಊರಿನವರೇ ದಣಿದು ಸುಮ್ಮನಾಗಿದ್ದರು.

ಎರಡು ಸಾವಿರದ ಮೂರರ ಡಿಸೆಂಬರಿನಲ್ಲಿ ಒಂಬತ್ತು, ಹತ್ತನೇ ತರಗತಿಯ ನಲವತ್ತಾರು ಹುಡುಗಿಯರನ್ನು ಮೈಸೂರಿಗೆ ಪ್ರವಾಸ ಕರೆದುಕೊಂಡು ಹೋದರು. ಬೆಳಿಗ್ಗೆ ಅರಮನೆ, ಮೃಗಾಲಯ. ಮಧ್ಯಾಹ್ನ ಊರಾಚೆ ಇದ್ದ ಒಂದು ಆಟದ ಪಾರ್ಕು. ನೀರಿನಲ್ಲಿ ಜಾರುವುದು, ಹಡಗಿನಂತೆ ತೂಗುವುದು, ಇವೆಲ್ಲ ಆದ ಮೇಲೆ ಹುಡುಗಿಯರು ಹೋಗಿ ರೋಲರ್ ಕೋಸ್ಟರಿನ ಮುಂದೆ ನಿಂತರು. ಹಳಿಯ ಮೇಲೆ ಓಡುವ ಗಾಡಿ ಅದು. ಟಕಟಕ ಅಂತ ನಿಧಾನಕ್ಕೆ ಏರಿ, ತುದಿಯಲ್ಲಿ ಒಂದು ಗಳಿಗೆ ನಿಂತು, ಧೊಪ್ಪನೆ ಇಳಿದು, ತಿರುವುಗಳಲ್ಲಿ ಕೂತವರನ್ನು ಅತ್ತ ಇತ್ತ ಎತ್ತಿ ಕುಕ್ಕುವಂಥದ್ದು. ನೋಡಲು ಎಲ್ಲರಿಗೂ ಆಸೆ, ಹತ್ತಲು ಯಾರಿಗೂ ಧೈರ್ಯವಿಲ್ಲ.

"ಮೇಡಂ ಹತ್ತಿದ್ರೆ ನಾವೂ ಹತ್ತೀವಿ ಸಾ," ಅಂದಳು ಒಬ್ಬಳು.

ಹಂಸ ಮೇಡಂ ಪಕ್ಕದಲ್ಲಿದ್ದ ಸೂಚನೆಯ ಬೋರ್ಡಿನ ಮುಂದೆ ನಿಂತು, ಪ್ರಶ್ನೆಪತ್ರಿಕೆ ಓದುವ ಹಾಗೆ ಗಟ್ಟಿಯಾಗಿ ಓದಿದರು. ಗರ್ಭಿಣಿಯರು, ಹೃದಯದ ಕಾಯಿಲೆ ಇರುವವರು, ಬೆನ್ನು, ಕುತ್ತಿಗೆ ಅಥವಾ ತಲೆಯ ತೊಂದರೆ ಇರುವವರು ಹತ್ತಬಾರದು. "ನನಗೆ ಇದ್ಯಾವುದೂ ಇಲ್ಲ," ಅಂದರು.

"ಇದ್ಯಾವುದೂ ಇಲ್ಲದ ಮೇಲೆ ಇನ್ನೇನು ಮೇಡಂ?" ಅಂದ ಅರುಣ್‌ಕುಮಾರ್. "ವರ್ಷವೆಲ್ಲ ಮಕ್ಕಳಿಗೆ ಲೆಕ್ಕದ ಭಯ ಬಿಡಿಸ್ತೀರಿ. ನಿಮ್ಮ ಭಯ ಬಿಡಿಸೋಕೆ ಬೇರೆ ಮೇಷ್ಟ್ರು ಬೇಕಾ?"

"ನನಗೇನು ಭಯ?"

"ಹಂಗಾದ್ರೆ ನಡೀರಿ. ನಾನೂ ಬತ್ತೀನಿ."

ಅವರು ಕನ್ನಡಕ ತೆಗೆದು ಒಬ್ಬ ಹುಡುಗಿಯ ಕೈಗೆ ಕೊಟ್ಟು, ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ಹೋಗಿ ಕೂತರು. ಏರುವಾಗ ಕಣ್ಣು ಮುಚ್ಚಿಕೊಂಡಿದ್ದರು. ಗಾಡಿ ಧೊಪ್ಪನೆ ಇಳಿಯಿತಲ್ಲ, ಆಗ ಅವರ ಬಾಯಿಂದ ಒಂದು ನಗು ಹೊರಟಿತು. ಪಕ್ಕದಲ್ಲಿ ಕೂತಿದ್ದ ಅರುಣ್‌ಕುಮಾರ್ ತನ್ನ ಭಯವನ್ನೂ ಮರೆತು ತಿರುಗಿ ನೋಡಿದ. ಸ್ಟಾಫ್‌ರೂಮಿನಲ್ಲಿ ಹಂಸ ಮೇಡಂ ನಕ್ಕರೆ ತುಟಿ ಮಾತ್ರ ಅಗಲವಾಗುತ್ತಿತ್ತು. ಇದು ಹೊಟ್ಟೆಯಿಂದ ಬಂದ ನಗು, ನಿಲ್ಲಿಸಲು ಹೋದಷ್ಟೂ ಜೋರಾಗುವ ನಗು. ಕೆಳಗೆ ನಿಂತಿದ್ದ ಹುಡುಗಿಯರಿಗೂ ಕೇಳಿಸಿ ಅವರೆಲ್ಲ ಚಪ್ಪಾಳೆ ತಟ್ಟಿದರು.

ಇಳಿದವರೇ ಮತ್ತೆ ಸಾಲಿನಲ್ಲಿ ನಿಂತರು. ಎರಡನೇ ಸಲ ಹುಡುಗಿಯರ ಜೊತೆ. ಮೂರನೇ ಸಲ ಇನ್ನಷ್ಟು ಹುಡುಗಿಯರ ಜೊತೆ. ನಾಲ್ಕನೇ ಸಲ ಎಲ್ಲರಿಗಿಂತ ಮುಂದಿನ ಸೀಟೇ ಬೇಕು ಅಂತ ಕಾದು ಕೂತರು. ಎಲ್ಲೂ ತಲೆ ಬಡಿಯಲಿಲ್ಲ, ಬೀಳಲಿಲ್ಲ. ಇಳಿಯುವಾಗ ಕೂದಲು ಬಿಚ್ಚಿಹೋಗಿತ್ತು, ಮುಖ ಕೆಂಪಾಗಿತ್ತು, ಅಷ್ಟೆ. "ಕತ್ತು ಸ್ವಲ್ಪ ಹಿಡಿದ ಹಾಗಿದೆ," ಅಂದು ಬಸ್ಸಿನಲ್ಲಿ ಊರು ಬರುವವರೆಗೂ ನಿದ್ದೆ ಮಾಡಿದರು.

ನಾಲ್ಕೈದು ದಿನಕ್ಕೆ ತಲೆನೋವು ಶುರುವಾಯಿತು. ಮೊದಲು ಪ್ರವಾಸದ ಆಯಾಸ ಅಂದರು. ಆಮೇಲೆ ಸೀಮೆಸುಣ್ಣದ ದೂಳು ಅಂದರು. ಹತ್ತಿರದ ಡಾಕ್ಟರಲ್ಲಿ ತೋರಿಸಿದ್ದಕ್ಕೆ, ನೆಗಡಿ ಒಳಗೇ ಕಟ್ಟಿಕೊಂಡಿದೆ, ಕನ್ನಡಕವನ್ನೂ ಒಮ್ಮೆ ಪರೀಕ್ಷೆ ಮಾಡಿಸಿ ಅಂತ ಮಾತ್ರೆ ಬರೆದುಕೊಟ್ಟರು. ತಿರುನಾರಾಯಣ ಮೇಷ್ಟ್ರು ಶುಂಠಿ, ಮೆಣಸು, ಧನಿಯಾ ಕುದಿಸಿ ಕಷಾಯ ಮಾಡಿದರು. ಚಿಕ್ಕಲಕ್ಷ್ಮಮ್ಮನಿಗೆ ಇದ್ಯಾವುದೂ ಸಮಾಧಾನವಾಗಲಿಲ್ಲ. ಒಂದು ಸಂಜೆ ಉಪ್ಪು, ಒಣಮೆಣಸಿನಕಾಯಿ ಹಿಡಿದುಕೊಂಡು ದೇವಸ್ಥಾನದ ಬೀದಿಗೇ ಹೋದರು.

"ಅಷ್ಟು ಮಕ್ಕಳ ಮುಂದೆ ಅಂಗೆ ನಕ್ಕಂಡು ಬಂದಿದ್ದೀಯ. ಕಣ್ಣಾಗದೆ ಇರ್ತದಾ ತಾಯಿ? ಕೂತ್ಕೊ," ಅಂತ ನಿವಾಳಿಸಿ ಒಲೆಗೆ ಹಾಕಿದರು. "ನೋಡು, ಘಾಟೇ ಬರ್ನಿಲ್ಲ. ಎಷ್ಟು ಕಣ್ಣು ಬಿದ್ದಿತ್ತೋ."

ಹಂಸ ಮೇಡಂ ಅದಕ್ಕೂ ನಕ್ಕು ಕೂತುಕೊಂಡರು. ಇದ್ಯಾವುದರಲ್ಲೂ ಅವರಿಗೆ ನಂಬಿಕೆ ಇರಲಿಲ್ಲ. ಆದರೆ ಆ ಒರಟು ಕೈ ನೆತ್ತಿಯ ಮೇಲಿಂದ ಕೆನ್ನೆಯವರೆಗೆ ಇಳಿದು ನೆಟಿಕೆ ಮುರಿಯುವಾಗ ಅವರು ಕಣ್ಣು ಮುಚ್ಚಿಕೊಂಡಿದ್ದನ್ನು, ತಾಯಿಯನ್ನು ಸ್ಕೂಟರಿನಲ್ಲಿ ಕರೆದುತಂದಿದ್ದ ಅರುಣ್‌ಕುಮಾರ್ ಬಾಗಿಲಲ್ಲಿ ನಿಂತು ನೋಡಿದ.

ಹೊಸ ವರ್ಷ ಬಂತು. ನೋವು ಒಂದು ದಿನ ಕಡಿಮೆ, ಒಂದು ದಿನ ಜಾಸ್ತಿ. ಜಗಳ ನಿಂತುಹೋಗಿತ್ತು. ಅರುಣ್‌ಕುಮಾರ್ ಬೇಕಂತಲೇ ಎರಡು ದಿನ ಒಂದರ ಹಿಂದೊಂದು ಅವರ ಪೀರಿಯಡ್ಡಿನಲ್ಲಿ ಮಕ್ಕಳನ್ನು ಮೈದಾನಕ್ಕೆ ಕರೆದ. "ಆಗಲಿ ಬಿಡಿ," ಅಂದರು ಹಂಸ ಮೇಡಂ. ಅವನು ಮಕ್ಕಳನ್ನು ವಾಪಸು ತರಗತಿಗೆ ಕಳಿಸಿದ.

ಸಂಕ್ರಾಂತಿಯ ದಿನ ಹಂಸ ಮೇಡಂ ಇವನ ಮನೆಗೆ ಎಳ್ಳು ಬೀರಲು ಬಂದರು. ಬಲಗೈಯಲ್ಲಿ ಕಬ್ಬಿನ ಜಲ್ಲೆ, ಎಡಗೈಯಲ್ಲಿ ತಟ್ಟೆ. ಹೊಸ್ತಿಲು ದಾಟುವಾಗ ತಟ್ಟೆ ನಿಧಾನಕ್ಕೆ ವಾಲಿತು, ಎಳ್ಳು ಬೆಲ್ಲ ಸಕ್ಕರೆ ಅಚ್ಚು ಎಲ್ಲ ನೆಲದ ಮೇಲೆ ಉರುಳಿದವು. ವಾಲುತ್ತಿರುವುದು ಅವರಿಗೆ ಗೊತ್ತೇ ಇರಲಿಲ್ಲ. ಸದ್ದಾದ ಮೇಲೆ ಬಗ್ಗಿ ನೋಡಿ, "ಅಯ್ಯೋ, ಹೇಗೆ ಬಿತ್ತು ಇದು?" ಅಂದರು. ಸಿಂಧು ಏನೂ ಆಗದವಳ ಹಾಗೆ ಕೂತು ಬಳಿಯತೊಡಗಿದಳು. ಅರುಣ್‌ಕುಮಾರ್ ಮಾತ್ರ ಅವರು ವಾಪಸು ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡಿದ.

ಹನ್ನೊಂದು ವರ್ಷ ಓಟದ ಹುಡುಗಿಯರ ಕಾಲು ನೋಡಿಕೊಂಡೇ ಬಂದವನು ಅವನು. ಯಾರ ಹಿಮ್ಮಡಿ ನೆಲ ಬಿಡುತ್ತಿಲ್ಲ, ಯಾರು ಯಾವ ಕಾಲು ಎಳೆಯುತ್ತಿದ್ದಾರೆ, ಮೈದಾನದ ಆ ತುದಿಯಿಂದಲೇ ಹೇಳುತ್ತಿದ್ದ. ಹಂಸ ಮೇಡಂ ಎಡಗಾಲಿನ ಚಪ್ಪಲಿ ಹೆಜ್ಜೆಹೆಜ್ಜೆಗೂ ನೆಲ ಸವರುತ್ತಿತ್ತು. ತಿರುವಿನಲ್ಲಿ ಒಂದು ಕೈ ಗೋಡೆ ಹಿಡಿದುಕೊಂಡಿತ್ತು.

ಮಾರನೆಯ ದಿನ ಸ್ಟಾಫ್‌ರೂಮಿನಲ್ಲಿ ಕೇಳಿಯೇಬಿಟ್ಟ. "ಮೇಡಂ, ಎಡಗಾಲಿಗೆ ಏನಾಗಿದೆ?"

"ಏನೂ ಇಲ್ಲ. ಚಪ್ಪಲಿ ಸಡಿಲ."

"ಚಪ್ಪಲಿ ಬಿಟ್ಟು ನಾಲ್ಕು ಹೆಜ್ಜೆ ನಡೀರಿ ನೋಡೋಣ."

"ನಾನೇನು ನಿಮ್ಮ ಖೋ ಖೋ ಟೀಮಿನವಳಾ?"

"ಹಾಸನಕ್ಕೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸೋಣ ಮೇಡಂ."

"ಪ್ರಿಪರೇಟರಿ ಪರೀಕ್ಷೆ ತಲೆಮೇಲಿದೆ. ಮಾರ್ಚಿ ಕಳೀಲಿ, ನೋಡೋಣ," ಅಂದು ಅವರು ಎದ್ದುಹೋದರು. ಆ ಮಧ್ಯಾಹ್ನ ಬೋರ್ಡಿನ ಮೇಲೆ ಅವರು ಎಳೆದ ಗೆರೆ ಕೆಳಗೆ ಜಾರಿತು. ಏಳೆಂಟಲ ಐವತ್ತನಾಲ್ಕು ಅಂತ ಬರೆದರು. ಹತ್ತನೇ ತರಗತಿಯಲ್ಲಿ ಒಬ್ಬಳೂ ತುಟಿ ಬಿಚ್ಚಲಿಲ್ಲ. ಬಿಡುವಿನಲ್ಲಿ ಇಬ್ಬರು ಬಂದು ಪಿ.ಟಿ. ಮೇಷ್ಟ್ರ ಮುಂದೆ ಅಳುತ್ತ ನಿಂತರು.

ಅರುಣ್‌ಕುಮಾರ್ ಇನ್ನು ಮೇಡಂ ಜೊತೆ ಮಾತಾಡುವುದರಲ್ಲಿ ಅರ್ಥವಿಲ್ಲವೆಂದು ನೇರ ತಿರುನಾರಾಯಣ ಮೇಷ್ಟ್ರ ಹತ್ತಿರ ಹೋದ. ಅವರು ಜಗುಲಿಯ ಮೇಲೆ ಕೂತು ಪೂಜೆಗೆ ಬತ್ತಿ ಹೊಸೆಯುತ್ತಿದ್ದರು. ಎಲ್ಲ ಕೇಳಿ, "ನಿನ್ನೆ ಊಟಕ್ಕೆ ಕೂತಾಗ ಎಡಗೈಲಿ ಲೋಟ ಎತ್ತೋಕೆ ಹೋಗಿ ಬಿಟ್ಟಳು ಕಣೋ," ಅಂದರು. "ನಾನು ಸುಮ್ಮನಿದ್ದುಬಿಟ್ಟೆ. ಕೇಳಿದರೆ ನಿಜ ಆಗಿಬಿಡುತ್ತೇನೋ ಅಂತ ಹೆದರಿಕೆ ಆಯ್ತು."

ಸೋಮವಾರ ಬೆಳಿಗ್ಗೆ ಎಂಟಕ್ಕೆ ಬೋರಪ್ಪನ ಬಾಡಿಗೆ ಅಂಬಾಸಿಡರ್ ಕಾರು ಮನೆ ಮುಂದೆ ನಿಂತಿತು. ಅಪ್ಪ ಶಲ್ಯ ಹೊದ್ದು ಆಗಲೇ ಒಳಗೆ ಕೂತಿದ್ದು ನೋಡಿ ಹಂಸ ಮೇಡಂ ಎದುರಾಡಲಿಲ್ಲ.

ಹಾಸನದ ಡಾಕ್ಟರು ವಯಸ್ಸಾದವರು, ಅವಸರವಿಲ್ಲದವರು. ಕೈ ಚಾಚಿಸಿದರು, ಕಣ್ಣು ಮುಚ್ಚಿಸಿದರು. ಎಡಗೈ ತಾನೇ ತಾನಾಗಿ ಇಳಿಯುವುದನ್ನು ನೋಡಿದರು. "ಎಲ್ಲಾದರೂ ಬಿದ್ದಿದ್ರಾಮ್ಮ? ತಲೆಗೆ ಏಟು?"

"ಇಲ್ಲ."

"ಬಚ್ಚಲಲ್ಲಿ ಜಾರಿದ್ದು, ಬಸ್ಸು ಜೋರಾಗಿ ಬ್ರೇಕ್ ಹಾಕಿದ್ದು?"

"ಏನೂ ಇಲ್ಲ ಡಾಕ್ಟ್ರೇ."

ಅರುಣ್‌ಕುಮಾರನಿಗೆ ಅದು ಹೊಳೆದದ್ದು ಆಗಲೇ. "ಸಾ," ಅಂದ. "ಪ್ರವಾಸ ಹೋದಾಗ ರೋಲರ್ ಕೋಸ್ಟರ್ ಹತ್ತಿದ್ರು. ನಾಲ್ಕು ಸಲ."

ಡಾಕ್ಟರು ತಲೆ ಎತ್ತಿ ನೋಡಿದರು. "ಎಷ್ಟು ದಿನ ಆಯ್ತು?"

"ಐದು ವಾರ ಆಯ್ತು ಸಾ."

ಅವರು ಮತ್ತೇನೂ ಕೇಳದೆ ಚೀಟಿ ಬರೆದರು. ಎರಡು ಬೀದಿ ಆಚೆ ಇದ್ದ ಸ್ಕ್ಯಾನಿಂಗ್ ಸೆಂಟರಿನಲ್ಲಿ ತಲೆಯ ಚಿತ್ರ ತೆಗೆಸಿ ಹನ್ನೊಂದೂವರೆಗೆ ವಾಪಸು ಬಂದರು. ಡಾಕ್ಟರು ಆ ಕಪ್ಪು ಹಾಳೆಯನ್ನು ದೀಪದ ಪೆಟ್ಟಿಗೆಯ ಮೇಲೆ ಸಿಕ್ಕಿಸಿ ಮೂವರನ್ನೂ ಹತ್ತಿರ ಕರೆದರು.

"ಇಲ್ಲಿ ಬಲಗಡೆ ಕಪ್ಪಗೆ ಕಾಣ್ತಿದೆಯಲ್ಲ, ಇದು ತಿಳಿನೀರು ತುಂಬಿದ ಒಂದು ಚೀಲ. ಸಿಸ್ಟ್ ಅಂತೀವಿ. ಹುಟ್ಟಿದಾಗಿನಿಂದ ಇದೆ. ಮಿದುಳಿನ ಮೇಲಿನ ಪೊರೆಯಲ್ಲಿ ಇರೋದು. ಎಷ್ಟೋ ಜನಕ್ಕೆ ಇರುತ್ತೆ, ಎಂಬತ್ತು ವರ್ಷ ಬದುಕಿ ಗೊತ್ತೇ ಆಗದೆ ಹೋಗ್ತಾರೆ. ತೊಂದರೆ ಏನಂದ್ರೆ, ಈ ಚೀಲದ ಮೇಲೆ ಎಳೆ ಎಳೆಯಾಗಿ ರಕ್ತನಾಳ ಹಾದುಹೋಗಿರ್ತವೆ, ಅವಕ್ಕೆ ಸರಿಯಾದ ಆಸರೆ ಇರಲ್ಲ. ತಲೆ ಜೋರಾಗಿ ಅತ್ತಿತ್ತ ಕುಲುಕಿದರೆ ಸಾಕು, ಏಟೇ ಬೀಳಬೇಕು ಅಂತಿಲ್ಲ, ಒಂದು ಎಳೆ ಹರಿಯಬಹುದು. ಆಮೇಲೆ ರಕ್ತ ತೊಟ್ಟುತೊಟ್ಟಾಗಿ ಸೇರ್ತಾ ಹೋಗುತ್ತೆ." ಅವರ ಬೆರಳು ಚೀಲದ ಪಕ್ಕದ ಬೂದು ಬಣ್ಣದ ಪಟ್ಟಿಯ ಮೇಲೆ ನಿಂತಿತು. "ಇದೇ ಅದು. ಮಿದುಳನ್ನ ಈ ಕಡೆಗೆ ತಳ್ಳಿದೆ. ಅದಕ್ಕೇ ಎಡಗೈ, ಎಡಗಾಲು ಸೋತಿರೋದು. ಸದ್ಯ, ಸರಿಯಾದ ಹೊತ್ತಿಗೆ ಬಂದಿದ್ದೀರಿ. ಆದರೆ ನಾಳೆ ಅನ್ನಬೇಡಿ. ಇಲ್ಲಿಂದಲೇ ಮೈಸೂರಿಗೆ ಹೊರಡಿ, ನಾನು ಫೋನು ಮಾಡ್ತೀನಿ."

ಮೊದಲು ಬಾಯಿ ಬಿಟ್ಟದ್ದು ಹಂಸ ಮೇಡಂ. "ಲೆಕ್ಕ ಬರದ ಹುಡುಗಿಯರಿಗೆಲ್ಲ ತಲೇಲಿ ಏನು ತುಂಬಿಕೊಂಡಿದ್ದೀಯೇ ಅಂತ ಬೈತಿದ್ದೆ ಡಾಕ್ಟ್ರೇ. ಅವರಿಗೆ ದಯವಿಟ್ಟು ಇದು ಗೊತ್ತಾಗಬಾರದು."

ಡಾಕ್ಟರು ನಕ್ಕುಬಿಟ್ಟರು. ಅರುಣ್‌ಕುಮಾರ್ ನಗಲಿಲ್ಲ.

ಎಸ್.ಟಿ.ಡಿ. ಬೂತಿನಿಂದ ಮನೆಗೆ ಫೋನು ಮಾಡಿದ. ಕಾರು ಹೊಳೆನರಸೀಪುರ ಹಾಯುವಾಗ ಚಿಕ್ಕಲಕ್ಷ್ಮಮ್ಮ ರಸ್ತೆ ಬದಿಯಲ್ಲೇ ಕಾದು ನಿಂತಿದ್ದರು. ಕೈಯಲ್ಲಿ ಒಂದು ಚೀಲ: ಮೇಷ್ಟ್ರಿಗೆ ಪಂಚೆ, ಟವಲು, ಮಗಳಿಗೆ ಸೀರೆ, ಕಂಬಳಿ. ಎಲ್ಲವನ್ನೂ ಸಿಂಧು ಮೇಷ್ಟ್ರ ಮನೆ ಬೀಗ ತೆಗೆಸಿ ಜೋಡಿಸಿಕೊಟ್ಟಿದ್ದಳು. ಚಿಕ್ಕಲಕ್ಷ್ಮಮ್ಮ ಕಿಟಕಿಯೊಳಗೆ ಕೈ ಹಾಕಿ ಹಂಸ ಮೇಡಂ ಗಲ್ಲ ಹಿಡಿದರು. "ಏನೂ ಆಗಾಕಿಲ್ಲ ಕಣವ್ವ. ನೀನು ಓಗಿ ಬಾ. ಮನೆ ನಾನು ನೋಡ್ಕತೀನಿ, ದೀಪ ಅಚ್ತೀನಿ." ಮತ್ತೆ ಮಗನ ಕಡೆ ತಿರುಗಿ, "ಲೇ, ನೀನ್ಯಾಕೆ ಇಂಗೆ ಬಿಳಿಚ್ಕಂಡಿದ್ದೀಯ? ಕಾಯಿಲೆ ಅವಳ್ಗೋ ನಿನಗೋ?" ಅಂದರು.

ನಾಲ್ಕು ಗಂಟೆಗೆ ಮೈಸೂರಿನ ಆಸ್ಪತ್ರೆ ಸೇರಿದರು. ಅಲ್ಲಿನ ಸರ್ಜನ್ ಇನ್ನೂ ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ಬುರುಡೆಯಲ್ಲಿ ಎರಡು ಸಣ್ಣ ತೂತು ಮಾಡಿ ಕಟ್ಟಿಕೊಂಡ ರಕ್ತ ಹೊರತೆಗೆಯುತ್ತೇವೆ, ಚೀಲದ ತಂಟೆಗೆ ಹೋಗುವುದಿಲ್ಲ, ಅದು ಅದರ ಪಾಡಿಗೆ ಇರಲಿ ಅಂದರು. ಸಂಜೆ ಆರಕ್ಕೆ ಒಳಗೆ ಕರೆದುಕೊಂಡು ಹೋಗುವ ಮುಂಚೆ ತಲೆ ಬೋಳಿಸಿದರು. ಸ್ಟ್ರೆಚರಿನ ಮೇಲೆ ಹಂಸ ಮೇಡಂ ಬಹಳ ಚಿಕ್ಕವರಾಗಿ ಕಂಡರು. "ಹತ್ತನೇ ಕ್ಲಾಸಿನವರಿಗೆ ವೃತ್ತದ ಪ್ರಮೇಯ ಇನ್ನೂ ಆಗಿಲ್ಲ," ಅಂದರು ಅರುಣ್‌ಕುಮಾರನಿಗೆ. ಬಾಗಿಲು ಮುಚ್ಚಿಕೊಂಡಿತು.

ಹೊರಗಿನ ಬೆಂಚಿನ ಮೇಲೆ ಇಬ್ಬರೇ ಉಳಿದರು. ತಿರುನಾರಾಯಣ ಮೇಷ್ಟ್ರು ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು. ಅರುಣ್‌ಕುಮಾರ್ ಎದ್ದ, ಕೂತ, ಮತ್ತೆ ಎದ್ದ. ಕೊನೆಗೆ ಅವರ ಕಾಲ ಬಳಿ ನೆಲದ ಮೇಲೇ ಕೂತುಬಿಟ್ಟ.

"ಮೇಷ್ಟ್ರೇ, ಅವರು ತಾವಾಗಿ ಹತ್ತಲಿಲ್ಲ. ನಾನೇ ಕೆಣಕಿ ಹತ್ತಿಸಿದ್ದು. ಭಯ ಬಿಡಿಸೋಕೆ ಬೇರೆ ಮೇಷ್ಟ್ರು ಬೇಕಾ ಅಂದೆ. ಮಕ್ಕಳ ಮುಂದೆ ಅಂದೆ. ಅವರಿಗೆ ಏನಾದರೂ ಆದರೆ..."

ಮೇಷ್ಟ್ರು ಹೇಳಿಕೊಳ್ಳುತ್ತಿದ್ದುದನ್ನು ನಿಲ್ಲಿಸಿದರು. ಬೈಯುತ್ತಾರೆ ಅಂತ ಇವನು ತಲೆ ತಗ್ಗಿಸಿಕೊಂಡು ಕಾದ. ಬೈದಿದ್ದರೆ ಹಗುರವಾಗುತ್ತಿತ್ತು.

"ಚಪ್ಪಾಳೆ ತಟ್ಟಿದರಂತೆ ಮಕ್ಕಳು," ಅಂದರು ಮೇಷ್ಟ್ರು. "ನಿಮ್ಮಮ್ಮ ಹೇಳಿದಳು. ಜೋರಾಗಿ ನಕ್ಕಳಂತೆ."

"ಹೂಂ ಮೇಷ್ಟ್ರೇ."

"ಅವಳಮ್ಮ ಹೋದಾಗ ಅವಳು ಕಾಲೇಜು ಎರಡನೇ ವರ್ಷ. ಅಲ್ಲಿಂದ ಮನೇಲಿ ಅವಳು ಜೋರಾಗಿ ನಕ್ಕಿದ್ದು ನಾನು ಕೇಳಿಲ್ಲ ಕಣೋ. ನನಗೆ ಬೇಜಾರಾದೀತು ಅಂತ ಅವಳೂ, ಅವಳಿಗೆ ಬೇಜಾರಾದೀತು ಅಂತ ನಾನೂ, ಹೀಗೇ ಮೆತ್ತಗೆ ಮಾತಾಡಿಕೊಂಡೇ ಇಷ್ಟು ವರ್ಷ ಕಳೆದ್ವಿ." ಅವರು ಬಗ್ಗಿ ಅವನ ಭುಜ ಹಿಡಿದರು. "ಹೇಗೆ ನಕ್ಕಳು, ಹೇಳು. ಒಂದೂ ಬಿಡದೆ ಹೇಳು."

ಅರುಣ್‌ಕುಮಾರ್ ಹೇಳಿದ. ಕನ್ನಡಕ ಕೊಟ್ಟದ್ದು, ಸೆರಗು ಸಿಕ್ಕಿಸಿದ್ದು, ಕಣ್ಣು ಮುಚ್ಚಿದ್ದು, ಇಳಿಯುವಾಗ ನಗು ಹೊರಟದ್ದು. ಎರಡನೇ ಸಲ ಪಕ್ಕದ ಹುಡುಗಿಯ ಕೈ ಹಿಡಿದೆತ್ತಿದ್ದು. ಮುಂದಿನ ಸೀಟಿಗೆ ಕಾದದ್ದು. ಹೇಳುತ್ತ ಹೇಳುತ್ತ ಅವನು ಅಳುತ್ತಿದ್ದ. ಮೇಷ್ಟ್ರು ಕಣ್ಣು ಮುಚ್ಚಿ, ಮುಖದಲ್ಲಿ ಒಂದು ಬಗೆಯ ಸಂತೋಷ ಇಟ್ಟುಕೊಂಡು, ಕೇಳುತ್ತಿದ್ದರು. ಒಂದೂವರೆ ಗಂಟೆಯ ನಂತರ ಸರ್ಜನ್ ಹೊರಬಂದು ಎಲ್ಲ ಸುಸೂತ್ರ ಅಂದಾಗ ಮೇಷ್ಟ್ರು ಕೈ ಚಾಚಿದರು. ಶಿಷ್ಯ ಎತ್ತಿ ನಿಲ್ಲಿಸಿದ.

ಮಾರನೆಯ ಬೆಳಿಗ್ಗೆ ನರ್ಸಮ್ಮ ಬಂದು ಎಡಗೈ ಎತ್ತಿ ಅಂದರೆ ಎಡಗೈ ಎದ್ದಿತು. ಡಾಕ್ಟರು, ಏನು ಕೆಲಸ ಮಾಡ್ತೀರಿ ಅಂತ ಕೇಳಿ, ಲೆಕ್ಕದ ಮೇಡಂ ಅಂತ ತಿಳಿದು, "ಹದಿಮೂರೊಂಬತ್ತಲ?" ಅಂದರು.

"ನೂರ ಹದಿನೇಳು. ಸ್ವಲ್ಪ ಕಷ್ಟದ್ದು ಕೇಳಿ," ಅಂದರು ಹಂಸ ಮೇಡಂ.

ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಆ ಒಂಬತ್ತು ದಿನವೂ, ಆಮೇಲೆ ಅವರು ಮನೆಯಲ್ಲಿ ಮಲಗಿದ್ದ ಒಂದೂವರೆ ತಿಂಗಳೂ, ಹತ್ತನೇ ತರಗತಿಯ ಲೆಕ್ಕದ ಪೀರಿಯಡ್ಡಿನಲ್ಲಿ ಅರುಣ್‌ಕುಮಾರ್ ಕೂತ. ಅವನಿಗೆ ವೃತ್ತ ಅಂದರೆ ಶಾಟ್‌ಪುಟ್ ಎಸೆಯಲು ಸುಣ್ಣದಲ್ಲಿ ಹಾಕುವುದು ಅಷ್ಟೇ ಗೊತ್ತು. ಆದರೆ ದಿನಾ ಸಂಜೆ ದೇವಸ್ಥಾನದ ಬೀದಿಗೆ ಹೋಗಿ, ಹಂಸ ಮೇಡಂ ಮಲಗಿದಲ್ಲಿಂದಲೇ ಹೇಳಿದ್ದನ್ನು ಬರೆದುಕೊಂಡು ಬಂದು ಬೋರ್ಡಿನ ಮೇಲೆ ಇಳಿಸುತ್ತಿದ್ದ. ಮಧ್ಯದಲ್ಲಿ ಸಿಕ್ಕಿಕೊಂಡರೆ ಮುಂದಿನ ಬೆಂಚಿನ ಹುಡುಗಿಯರೇ ಎದ್ದು ಬಿಡಿಸುತ್ತಿದ್ದರು. ಪಿ.ಟಿ. ಮೇಷ್ಟ್ರಿಗೆ ಅರ್ಥವಾಗುವಂತೆ ಹೇಳಲು ಹೋಗಿ ಅವರಿಗೇ ಪಾಠ ಅರ್ಥವಾಯಿತು. ಆ ವರ್ಷ ಲೆಕ್ಕದಲ್ಲಿ ಮೂವರು ಬಿಟ್ಟು ಎಲ್ಲರೂ ಪಾಸಾದರು. ಆ ಮೂವರ ಬಗ್ಗೆ ಹಂಸ ಮೇಡಂ ಅವನನ್ನು ಬಹಳ ದಿನ ಆಡಿಕೊಂಡರು.

ಅವನ ಒಳಗಿನ ಮುಳ್ಳು ಮಾತ್ರ ಹೋಗಿರಲಿಲ್ಲ. ಫೆಬ್ರವರಿಯ ಒಂದು ಸಂಜೆ, ಬರೆದುಕೊಳ್ಳುವುದು ಮುಗಿದ ಮೇಲೆ, ಪುಸ್ತಕ ಮುಚ್ಚದೆ ಕೂತೇ ಇದ್ದ. "ಮೇಡಂ, ಒಂದು ಮಾತು. ಆವತ್ತು ನಾನು ಹಂಗೆ ಅನ್ನಬಾರದಾಗಿತ್ತು."

"ಯಾವತ್ತು?" ಅಂದರು, ಗೊತ್ತಿದ್ದೂ.

"ಆ ಗಾಡಿ ಹತ್ತಿ ಅಂತ. ನನ್ನಿಂದ ತಾನೆ ಇಷ್ಟೆಲ್ಲ."

ಹಂಸ ಮೇಡಂ ದಿಂಬಿಗೆ ಒರಗಿ ಎದ್ದು ಕೂತರು. ತಲೆಯ ಮೇಲೆ ಆಗಷ್ಟೇ ಚಿಗುರಿದ ಕೂದಲು, ಅದರ ನಡುವೆ ಎರಡು ಗಾಯದ ಗುರುತು. "ಬೋರ್ಡು ಓದಿದ್ದು ಯಾರು? ನಾನು. ನನಗೆ ಇದ್ಯಾವುದೂ ಇಲ್ಲ ಅಂದದ್ದು ಯಾರು? ನಾನು. ಅದು ಸುಳ್ಳಲ್ಲ, ನನಗೆ ಗೊತ್ತಿದ್ದದ್ದೇ ಅಷ್ಟು. ಮೊದಲನೇ ಸುತ್ತು ನೀವು ಕರೆದಿರಿ ಅಂತ ಹೋದೆ, ಅದನ್ನ ನೀವು ಇಟ್ಟುಕೊಳ್ಳಿ. ಇನ್ನು ಮೂರು ಸುತ್ತು ಪೂರ್ತಿ ನನ್ನದು. ಯಾವ ಸುತ್ತಲ್ಲಿ ಎಳೆ ಹರೀತು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಾಲ್ಕರಲ್ಲಿ ಒಂದು. ಅದಕ್ಕಿಂತ ಜಾಸ್ತಿ ಪಾಪ ಹೊರೋಕೆ ನಾನು ಬಿಡಲ್ಲ."

"ಒಂದಾದರೂ ಒಂದೇ ಅಲ್ವಾ ಮೇಡಂ."

"ಸರಿ. ಕಾಲು ಎಳೀತಿದೆ ಅಂತ ಕಂಡುಹಿಡಿದವರು ಯಾರು? ಡಾಕ್ಟರಾ? ಅದನ್ನೂ ಕಳೆಯಿರಿ. ಏನು ಉಳೀತು?"

ಒಳಗಿನಿಂದ ಮೇಷ್ಟ್ರು ಕಾಫಿ ಹಿಡಿದುಕೊಂಡು ಬಂದರು. ಕಣ್ಣಲ್ಲಿ ನೀರಿದ್ದವನಿಗೆ ಲೋಟ ಕೊಟ್ಟು, "ಸಕ್ಕರೆ ಸಾಕಾ ನೋಡು," ಅಂದರು.

ಜೂನ್ ತಿಂಗಳು ಶಾಲೆ ತೆರೆದಾಗ ಹಂಸ ಮೇಡಂ ತಲೆಗೆ ಏನೂ ಕಟ್ಟಿಕೊಳ್ಳದೆ, ಸೆರಗೂ ಹೊದೆಯದೆ, ಗಂಡು ಹುಡುಗರಂತಹ ಕ್ರಾಪಿನಲ್ಲಿ ಬಂದರು. ಬಾಗಿಲಲ್ಲಿ ಸಾಲಾಗಿ ನಿಂತಿದ್ದ ಹುಡುಗಿಯರು ಏನು ಮಾಡಬೇಕೋ ತೋಚದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಕ್ಕಲಕ್ಷ್ಮಮ್ಮ ಅವತ್ತು ನೆಪ ಮಾಡಿಕೊಂಡು ಶಾಲೆಗೇ ಬಂದಿದ್ದರು. ಎಲ್ಲರೆದುರಿಗೇ ಆ ಕ್ರಾಪು ಸವರಿ, "ಎಷ್ಟು ಚೆಂದಾಗಿ ಕಾಣ್ತೀಯವ್ವ, ಇಂಗೇ ಇರು," ಅಂದರು. ಆಮೇಲೆ ಎಲ್ಲರಿಗೂ ನಗಲು ಧೈರ್ಯ ಬಂತು.

ಅರುಣ್‌ಕುಮಾರನಲ್ಲಿ ಒಂದು ಬದಲಾವಣೆ ಕಾಣಿಸಿತು. ಅಲ್ಲಿಂದ ಮುಂದೆ ಯಾವುದೇ ಪ್ರವಾಸಕ್ಕೆ ಮುಂಚೆ ಮನೆಮನೆಗೆ ಹೋಗಿ ಕೇಳುವವನಾದ. ಮಗುವಿಗೆ ಯಾವಾಗಲಾದರೂ ಫಿಟ್ಸ್ ಬಂದಿತ್ತಾ, ತಲೆಗೆ ಏಟು ಬಿದ್ದಿತ್ತಾ, ಪದೇಪದೇ ತಲೆನೋವು ಅನ್ನುತ್ತಾಳಾ? ಬಹಳ ಜನ ನಕ್ಕರು. ಹರದನಹಳ್ಳಿ ಕಡೆಯ ಕೆಂಚಯ್ಯ ಎಂಬವರು ಮಾತ್ರ ಅವನನ್ನು ಪಕ್ಕಕ್ಕೆ ಕರೆದು, ಮಗಳು ಚಿಕ್ಕವಳಿದ್ದಾಗ ಅಟ್ಟದಿಂದ ಬಿದ್ದು ತಲೆ ಆಪರೇಷನ್ ಆಗಿದೆ ಸಾ, ಹೇಳಿದ್ರೆ ಟೂರಿಗೆ ಬಿಡಾಕಿಲ್ಲ ಅಂತ ನಮ್ಮ ಹುಡ್ಗಿ ಮುಚ್ಚಿಟ್ಟವಳೆ, ಅಂದರು. ಆ ಹುಡುಗಿಯನ್ನು ಬಿಟ್ಟು ಹೋಗಲಿಲ್ಲ. ಕರೆದುಕೊಂಡು ಹೋದರು, ಯಾವ ಆಟ ಬೇಡ ಯಾವುದು ಸರಿ ಅಂತ ಡಾಕ್ಟರನ್ನು ಕೇಳಿಕೊಂಡು ಹೋದರು. ದಿನವೆಲ್ಲ ಹಂಸ ಮೇಡಂ ಅವಳ ಜೊತೆಗಿದ್ದರು.

ಎರಡು ಸಾವಿರದ ಐದರ ಜನವರಿಯಲ್ಲಿ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಲು ಮೂವರೂ ಮೈಸೂರಿಗೆ ಹೋದರು. ಚೀಲ ಇದ್ದಷ್ಟೇ ಇತ್ತು, ಪಕ್ಕದಲ್ಲಿ ರಕ್ತದ ಸುಳಿವಿರಲಿಲ್ಲ. ಜೋರಾಗಿ ಕುಲುಕುವ ಆಟಗಳನ್ನು ಜನ್ಮದಲ್ಲಿ ಹತ್ತಬೇಡಿ, ಸ್ಕೂಟರಿನಲ್ಲಿ ಹೆಲ್ಮೆಟ್ ಇಲ್ಲದೆ ಕೂರಬೇಡಿ, ತಲೆನೋವು ಎರಡು ದಿನಕ್ಕಿಂತ ನಿಂತರೆ ಕಷಾಯ ಕುಡಿಯುತ್ತ ಕೂರದೆ ಬನ್ನಿ ಅಂದರು ಡಾಕ್ಟರು. ಕೊನೆಯ ಮಾತು ಹೇಳುವಾಗ ಮೇಷ್ಟ್ರ ಕಡೆ ನೋಡಿದರು.

ಮಧ್ಯಾಹ್ನದ ಪ್ಯಾಸೆಂಜರ್ ರೈಲಿನಲ್ಲಿ ವಾಪಸು ಹೊರಟರು. ಕೃಷ್ಣರಾಜನಗರ ದಾಟುವಷ್ಟರಲ್ಲಿ ಮೇಷ್ಟ್ರು ಮಗಳ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದರು. ಹಂಸ ಮೇಡಂ ಕಿಟಕಿಯ ಪಕ್ಕ ಇದ್ದರು. ಎದುರಿಗೆ ಅರುಣ್‌ಕುಮಾರ್ ಸೌತೆಕಾಯಿ ಹೋಳುಗಳಿಗೆ ಉಪ್ಪು ಖಾರ ಹಚ್ಚಿ ಅವರಿಗೊಂದು ತನಗೊಂದು ಮಾಡುತ್ತಿದ್ದ.

"ಆ ಗಾಡಿ ಏರಿ ತುದೀಲಿ ಒಂದು ಗಳಿಗೆ ನಿಲ್ಲುತ್ತಲ್ಲ," ಅಂದರು ಹಂಸ ಮೇಡಂ, ಅಪ್ಪನಿಗೆ ಎಚ್ಚರವಾಗದಂತೆ ಮೆಲ್ಲಗೆ. "ಎರಡನೇ ಸಲದಿಂದ ನಾನು ಕಣ್ಣು ಬಿಟ್ಟುಕೊಂಡಿದ್ದೆ. ಏನು ಕಾಣಿಸ್ತಿತ್ತು ಗೊತ್ತಾ?"

"ಚಾಮುಂಡಿ ಬೆಟ್ಟಾನಾ?"

"ಅದೂ ಇತ್ತು. ಕನ್ನಡಕ ಇರಲಿಲ್ಲವಲ್ಲ, ಮಬ್ಬುಮಬ್ಬು. ಕಾಂಪೌಂಡಿನ ಆಚೆ ಒಂದು ಮನೆ. ಆ ಮನೆ ಮಾಳಿಗೆ ಮೇಲೆ ಯಾರೋ ಹೆಂಗಸು ಕೆಂಪು ಸೀರೆ ಒಣಹಾಕ್ತಿದ್ದಳು. ಮೂರನೇ ಸಲ ನಾನು ಅವಳ ಕಡೆ ಕೈ ಬೀಸಿದೆ. ನಾಲ್ಕನೇ ಸಲ ಹೋದಾಗ ಅವಳು ಕಾಯ್ತಾ ನಿಂತಿದ್ದಳು ಕಣ್ರೀ. ಅವಳೂ ಕೈ ಬೀಸಿದಳು."

ಅರುಣ್‌ಕುಮಾರ್ ಸೌತೆಕಾಯಿ ಕೈಯಲ್ಲೇ ಹಿಡಿದುಕೊಂಡು, ನಿಜವಾ ಅನ್ನುವಂತೆ ಅವರನ್ನು ನೋಡಿದ.

"ದೇವರಾಣೆ. ಅದಕ್ಕೇ ಮುಂದಿನ ಸೀಟು ಬೇಕು ಅಂತ ಹಟ ಮಾಡಿದ್ದು," ಅಂದರು ಅವರು. ಅವರ ನಗುವಿಗೆ ಭುಜ ಅಲುಗಾಡಿ ಮೇಷ್ಟ್ರಿಗೆ ಎಚ್ಚರವಾಯಿತು. ಕಣ್ಣುಜ್ಜಿಕೊಂಡು, ಯಾಕೆ ಅಂತ ತಿಳಿಯದಿದ್ದರೂ ತಾವೂ ನಕ್ಕು, "ಊರು ಬಂತಾ?" ಅಂದರು.

"ಇನ್ನೂ ಎರಡು ಸ್ಟೇಷನ್ ಇದೆ. ಮಲಗಿ ಅಪ್ಪ," ಅಂದರು ಹಂಸ ಮೇಡಂ.